ಮನೆ ಅಡುಗೆಯಲ್ಲಿ ಗೋಧಿ ಪೂರ್ತಿ ಬಿಡಬೇಕು, ಹೇಗೆ ಹೊಂದಿಸಿಕೊಳ್ಳಲಿ?

ಚಪಾತಿ ಬಿಡುವುದು ಅಂಥ ಕಷ್ಟವಲ್ಲ. ಮುದ್ದೆ, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ ಇದ್ದೇ ಇವೆ. ಕಾಡುವುದು ಕಣ್ಣಿಗೆ ಕಾಣದ ಗೋಧಿ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಮೈದಾ ಎಲ್ಲವೂ ಗೋಧಿಯೇ. ಅಂಗಡಿಯ ಇಂಗಿಗೂ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿಯ ಹಿಂಬದಿ ಓದಿ. ಉಪ್ಪಿಟ್ಟಿಗೆ ಅಕ್ಕಿತರಿ ಹಾಕಿ.

ಜೋಳದ ಹಿಟ್ಟಿಗೆ ಗೋಧಿಯಲ್ಲಿರುವ ಪ್ರೋಟೀನಾದ ಗ್ಲುಟೆನ್‌ನ ಅಂಟಿಲ್ಲ, ತಣ್ಣೀರಲ್ಲಿ ಕಲಸಿದರೆ ರೊಟ್ಟಿ ಬಿರಿಯುತ್ತದೆ. ಕುದಿನೀರು ಹಾಕಿ, ಬಿಸಿಯಿರುವಾಗಲೇ ನಾದಿ ತಟ್ಟಿ. (ಮೊದಲ ವಾರ ಭೂಪಟದ ಆಕಾರವೇ ಬರುತ್ತದೆ, ಬರಲಿ.)

ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ರೋಗ) ಇದ್ದರೆ ಮಾತ್ರ ಇಷ್ಟು ಸಾಲದು: ಜವೆಗೋಧಿಯೂ (ಬಾರ್ಲಿ) ಬೇಡ, ಗೋಧಿ ಬೀಸುವ ಗಿರಣಿಯಲ್ಲೇ ಬೀಸಿದ ರಾಗಿ ಹಿಟ್ಟೂ ಬೇಡ. ಕಾಳು ಆರಿಸಿ, ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ.