ಆಟಿಸಂ ಇರುವ ಮಗನಿಗೆ ಮೊದಲು ಕೆಲಸವೋ, ಸ್ವಂತವಾಗಿ ಇರುವುದನ್ನು ಕಲಿಸುವುದೋ?

ನಿಮ್ಮ ಮಗನಿಗೆ 23 ವರ್ಷ, ಆಟಿಸಂ ಇದೆ, ಡಿಗ್ರಿ ಮುಗಿದಿದೆ, ಆದರೆ ಇಂಟರ್‌ವ್ಯೂಗಳಲ್ಲಿ ಆಯ್ಕೆ ಆಗುತ್ತಿಲ್ಲ ಅಂದಿದ್ದೀರಿ. ಬಟ್ಟೆ ಒಗೆಯೋದು, ಬ್ಯಾಂಕಿನ ವ್ಯವಹಾರ ಎಲ್ಲಕ್ಕೂ ಇನ್ನೂ ನೀವೇ ಬೇಕು. ಅದಕ್ಕೇ ಇವೆಲ್ಲ ಮೊದಲು ಕಲಿಯಲಿ, ಕೆಲಸ ಆಮೇಲೆ ನೋಡೋಣ ಅನ್ನೋ ಯೋಚನೆ ನಿಮ್ಮದು. ನನಗೂ ಆಟಿಸಂ ಇದೆ, ಕೆಲವು ವರ್ಷಗಳಿಂದ ದುಡಿಯುತ್ತಿದ್ದೇನೆ. ಕಾಯಬೇಡಿ ಅಂತಲೇ ಹೇಳುತ್ತೇನೆ. ಎಲ್ಲ ಕಲಿತ ಮೇಲೆ ಅಂತ ಕೂತರೆ ಆ ದಿನ ಬರೋದೇ ಇಲ್ಲ.

ಇಂಟರ್‌ವ್ಯೂ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ನೋಡೋದು ಮಾತು, ಕಣ್ಣಲ್ಲಿ ಕಣ್ಣಿಟ್ಟು ನಗೋದು. ಕೆಲಸ ಬರುತ್ತದೋ ಇಲ್ಲವೋ ಅನ್ನೋದು ಅದರಿಂದ ಗೊತ್ತಾಗುವುದಿಲ್ಲ. ಆಟಿಸಂ ಇರುವ ಹುಡುಗನ ಅಪ್ಪ ಒಬ್ಬರು 2004ರಲ್ಲಿ ಡೆನ್ಮಾರ್ಕ್‌ನಲ್ಲಿ ಸ್ಪೆಷಲಿಸ್ಟೆರ್ನ ಅನ್ನೋ ಸಂಸ್ಥೆ ಶುರು ಮಾಡಿದರು. ಅಲ್ಲಿ ಲೆಗೊ ರೋಬೋಟ್ ಕಟ್ಟಲು ಕೊಟ್ಟು, ಹೇಗೆ ಮಾಡುತ್ತಾರೆ ಅಂತ ನೋಡುವ ರೂಢಿ ಬೆಳೆಸಿದರು. ಎಲ್ಲ ಕಡೆ ಇಷ್ಟು ಸಿಗೋದಿಲ್ಲ, ನಿಜ. ಆದರೆ ಪ್ರಶ್ನೆಗಳನ್ನು ಮೊದಲೇ ಕಳಿಸಿ ಅಂತಲೋ, ಒಂದು ವಾರ ಕೆಲಸ ಮಾಡಿಸಿ ನೋಡಿ ಅಂತಲೋ ಕೇಳಬಹುದು. ಕೇಳಿದರೆ ಒಪ್ಪುವವರೂ ಇದ್ದಾರೆ.

ಕೆಲಸ ಸಿಕ್ಕಿದ ಮೇಲೆ ಸಂಬಳಕ್ಕಿಂತ ಮೊದಲು ಅವನ ಸಂಜೆ ನೋಡಿ. ನನ್ನ ಹಿಂದಿನ ಕೆಲಸ ಸುಲಭದ್ದೇ. ಲೆಕ್ಕ ತಾಳೆ ನೋಡೋದು, ಅಷ್ಟೇ. ಆದರೆ ದೊಡ್ಡ ಹಾಲ್, ಇಡೀ ದಿನ ಫೋನಿನ ಸದ್ದು, ತಲೆ ಮೇಲೆ ಮಿಣುಗುವ ಲೈಟು. ಸಾಲದ್ದಕ್ಕೆ ಎಲ್ಲರ ಹಾಗೆ ಕಾಣಿಸಬೇಕು ಅಂತ ನಗು, ಹರಟೆ ಎಲ್ಲ ಲೆಕ್ಕ ಹಾಕಿ ಮಾಡಬೇಕು. ಮನೆಗೆ ಬಂದರೆ ಮಾತೇ ಹೊರಡುತ್ತಿರಲಿಲ್ಲ. ಸ್ನಾನ, ಊಟ ಎಲ್ಲ ತಪ್ಪಿತು. ಮನೆಯವರಿಗೆ ಅದು ಸೋಮಾರಿತನ. ಆಟಿಸಂ ಇರುವವರು ಇದನ್ನೇ ಬರ್ನ್‌ಔಟ್ ಅನ್ನುತ್ತಾರೆ. ಬರುತ್ತಿದ್ದ ಕೆಲಸವೂ ಕೈಬಿಟ್ಟು ಹೋಗುತ್ತದೆ, ವಾರದ ರಜೆಯಿಂದ ಸರಿಹೋಗುವುದಿಲ್ಲ. ಈಗಿನ ಕಡೆ ಮೂಲೆಯ ಟೇಬಲ್ಲು, ಹೆಡ್‌ಫೋನ್, ಏನು ಮಾಡಬೇಕು ಅನ್ನೋದು ಬರವಣಿಗೆಯಲ್ಲಿ, ಅನುಮಾನ ಬಂದರೆ ಕೇಳಲು ಅಂತ ಗೊತ್ತುಮಾಡಿದ ಒಬ್ಬರು. ಇಷ್ಟಕ್ಕೇ ಬದುಕು ಬೇರೆ ಆಯಿತು. ಅರ್ಧ ದಿನದ ಕೆಲಸದಿಂದ ಶುರು ಮಾಡಿದರೆ ಏನೂ ಕಡಿಮೆಯಲ್ಲ.

ಇನ್ನು ಸ್ವಂತವಾಗಿ ಬದುಕೋದು. 1943ರಲ್ಲಿ ಲಿಯೋ ಕ್ಯಾನರ್ ಅನ್ನೋ ಮಕ್ಕಳ ಮನೋವೈದ್ಯರು ಆಟಿಸಂ ಬಗ್ಗೆ ಬರೆದ ಲೇಖನದಲ್ಲಿ ಮೊದಲು ಬರುವ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಒಂದು ಸಣ್ಣ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಕಾರು ಓಡಿಸಿದರು, ಗಾಲ್ಫ್ ಆಡಿದರು, ದೇಶ ಸುತ್ತಿದರು. 2023ರಲ್ಲಿ ತೀರಿಕೊಂಡರು. ಆ ಬ್ಯಾಂಕಿಗೆ ಅವರ ಮನೆತನದ ನಂಟಿತ್ತು, ಊರಿನವರಿಗೆ ಅವರ ಸ್ವಭಾವ ಗೊತ್ತಿತ್ತು. ಅವರ ಬದುಕಿನ ಹಿಂದೆ ಇಷ್ಟು ಜನರ ಆಸರೆ ಇತ್ತು, ಹಾಗಂತ ಅದು ಪರಾವಲಂಬಿ ಬದುಕು ಆಗಲಿಲ್ಲ ಅಲ್ವಾ? ನನ್ನ ಟ್ಯಾಕ್ಸ್ ಫಾರಂಗಳನ್ನು ಇವತ್ತಿಗೂ ತಂಗಿಯೇ ತುಂಬುತ್ತಾಳೆ. ನನ್ನ ದುಡ್ಡು ಎಲ್ಲಿ ಖರ್ಚಾಗಬೇಕು ಅನ್ನೋದು ಮಾತ್ರ ನನ್ನ ತೀರ್ಮಾನ.

ಅವನಿಗೂ ಹಾಗೇ ಮಾಡಿ. ಸಂಬಳ ಅವನ ಖಾತೆಗೆ ಬರಲಿ, ಖರ್ಚು ಅವನೇ ಮಾಡಲಿ, ನೀವು ಪಕ್ಕದಲ್ಲಿರಿ. ಬಟ್ಟೆ ಒಗೆಯೋ ಹಂತಗಳನ್ನು ಬರೆದು ಮೆಷಿನ್ ಮೇಲೆ ಅಂಟಿಸಿ. ಒಂದು ರೂಢಿಯಾದ ಮೇಲೆ ಇನ್ನೊಂದು ಕಲಿಸಿ. ಹೊಸ ಕೆಲಸಕ್ಕೆ ಸೇರಿದ ತಿಂಗಳಲ್ಲಂತೂ ಮನೆಯಲ್ಲಿ ಹೊಸದೇನೂ ಕಲಿಸಲು ಹೋಗಬೇಡಿ. ಮಾತೇ ಬಾರದ, ಹೆಚ್ಚು ಆಸರೆ ಬೇಕಾದ ಮಕ್ಕಳ ವಿಷಯ ಬೇರೆ, ಅದನ್ನು ಅನುಭವ ಇರುವವರೇ ಹೇಳಬೇಕು.

ಒಂದು ಗಮನಿಸಿದೆ. ಇಷ್ಟುದ್ದದ ಪ್ರಶ್ನೆಯಲ್ಲಿ ಅವನಿಗೇನು ಬೇಕು ಅನ್ನೋದು ಎಲ್ಲೂ ಇಲ್ಲ. ಕೇಳಿ ನೋಡಿ. ಎದುರು ಕೂತು ಕೇಳಿದಾಗ ಸುಮ್ಮನಿದ್ದರೆ ಮೆಸೇಜ್ ಮಾಡಿ ಕೇಳಿ, ಉತ್ತರಕ್ಕೆ ಒಂದೆರಡು ದಿನ ಬಿಡಿ.