ಫೋನು ನಿಮ್ಮ ಕೈಯಲ್ಲಿ, ಖಾತೆ ಯಾರ ಹೆಸರಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಅಮೆರಿಕದ ಮೊಬೈಲ್ ಕಂಪನಿಗಳ ಗೋಳೇ ಜಾಸ್ತಿ. ಕೆಲವು ಅಲ್ಲಿರುವ ಮಕ್ಕಳದು, ಕೆಲವು ಇಲ್ಲಿರುವ ಅಪ್ಪ-ಅಮ್ಮಂದಿರದು. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡಿಕೊಂಡು, ಅಂಥದೇ ಒಂದು ಕಂಪನಿಯ ಗ್ರಾಹಕರಿಂದ ಬೈಸಿಕೊಂಡವಳು ನಾನು. ಹಾಗಾಗಿ ಉತ್ತರ ಕೊಡುವ ಕೆಲಸ ನನ್ನ ತಲೆಗೇ ಬಂತು.

ಪ್ರಶ್ನೆ: ಟೆಕ್ಸಾಸಿನಲ್ಲಿರುವ ಮಗಳು ಹೊಸ ಫೋನ್ ತೆಗೆದುಕೊಂಡು, ತನ್ನ ಐಫೋನ್ 13 ನನಗೆ ಕೊಟ್ಟಳು. ಊರಿಗೆ ಬಂದು ನನ್ನ ಸಿಮ್ ಹಾಕಿದರೆ ‘ಸಿಮ್ ನಾಟ್ ಸಪೋರ್ಟೆಡ್’ ಅನ್ನುತ್ತದೆ. ವೈಫೈ ಇದ್ದರೆ ಎಲ್ಲ ನಡೆಯುತ್ತದೆ, ಕಾಲ್ ಮಾತ್ರ ಇಲ್ಲ. ಇಲ್ಲಿ ಅಂಗಡಿಯವನೊಬ್ಬ ನಾಲ್ಕು ಸಾವಿರ ಕೊಟ್ಟರೆ ಅನ್‌ಲಾಕ್ ಮಾಡಿಕೊಡುತ್ತಾನಂತೆ. ಕೊಡಲೇ?
– ಓದುಗರು, ಶಿವಮೊಗ್ಗ

ಉತ್ತರ: ಕೊಡಬೇಡಿ ಸಾರ್. ಮೊದಲು ಫೋನಿನಲ್ಲೇ ನೋಡಿ. ಸೆಟ್ಟಿಂಗ್ಸ್, ಜನರಲ್, ಅಬೌಟ್. ಅಲ್ಲಿ ಕೆಳಗೆ ‘ಕ್ಯಾರಿಯರ್ ಲಾಕ್’ ಅಂತ ಒಂದು ಸಾಲಿದೆ. ಅದರ ಮುಂದೆ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿದ್ದರೆ ತೊಂದರೆ ಬೇರೆ ಕಡೆ ಇದೆ. ‘ಸಿಮ್ ಲಾಕ್ಡ್’ ಅಂತಿದ್ದರೆ ಫೋನು ಮಗಳ ಮೊಬೈಲ್ ಕಂಪನಿಯ ಸಿಮ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ, ಬೀಗದ ಕೈಯೂ ಆ ಕಂಪನಿಯ ಹತ್ತಿರವೇ ಇದೆ. ಆಪಲ್ ಅಂಗಡಿಗೆ ಹೋದರೂ ಕಂಪನಿಯನ್ನೇ ಕೇಳಿ ಅನ್ನುತ್ತಾರೆ. ನಿಮ್ಮ ಅಂಗಡಿಯವನು ಬಹುಶಃ ಸಿಮ್ ಕೆಳಗೆ ಹಾಳೆಯಷ್ಟು ತೆಳ್ಳಗಿನ ಒಂದು ಚಿಪ್ ಇಡುತ್ತಾನೆ. ಅದು ಫೋನನ್ನು ಸ್ವಲ್ಪ ದಿನ ಯಾಮಾರಿಸುತ್ತದೆ. ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಅದು ಕೈ ಕೊಡಬಹುದು. ಆಗ ನಾಲ್ಕು ಸಾವಿರವೂ ಹೋಯಿತು.

ನಮ್ಮಲ್ಲಿ 2017ರ ಜಿಯೋಫೋನ್‌ನಂಥ ಕೆಲವನ್ನು ಬಿಟ್ಟರೆ ಈ ಲಾಕ್ ಕಾಟ ಕಡಿಮೆ. ದುಡ್ಡು ಕೊಟ್ಟೋ ಬ್ಯಾಂಕಿನ ಇಎಂಐ ಮೇಲೋ ಫೋನ್ ಕೊಳ್ಳುತ್ತೇವೆ, ಸಿಮ್ ನಮ್ಮಿಷ್ಟ. ಅಲ್ಲಿ ಫೋನನ್ನೂ ಸಿಮ್ ಕಂಪನಿಯೇ ಕಂತಿನ ಮೇಲೆ ಕೊಡುವುದು ಜಾಸ್ತಿ, 24 ಅಥವಾ 36 ತಿಂಗಳು. ಕಂತು ಮುಗಿಯುವ ತನಕ ಗಿರಾಕಿ ಬೇರೆ ಕಂಪನಿಗೆ ಓಡಬಾರದು, ಅದಕ್ಕೇ ಲಾಕ್.

ಮಗಳನ್ನು ಒಂದೇ ಪ್ರಶ್ನೆ ಕೇಳಿ: ಕಂತು ತೀರಿದೆಯಾ? ಅವಳಿಗೆ ಅದು ಹಳೇ ಫೋನಿರಬಹುದು, ಕಂಪನಿಗೆ ಅದು ಬಾಕಿ. ನಾನು ಕೆಲಸ ಮಾಡುವಾಗ ನನ್ನ ಕಂಪ್ಯೂಟರಿನಲ್ಲಿ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರ್, ಹಾಕಿದರೆ ಅನ್‌ಲಾಕ್ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’, ಎರಡೇ ಉತ್ತರ. ಜನ ಬೈದರೂ ಅತ್ತರೂ ನಾನು ಒತ್ತಬಹುದಾದ ಬಟನ್ ಒಂದೂ ಇರಲಿಲ್ಲ. ‘ಸೂಪರ್‌ವೈಸರ್‌ಗೆ ಕೊಡಿ’ ಅನ್ನುತ್ತಿದ್ದರು. ಸೂಪರ್‌ವೈಸರ್ ಮುಂದೆ ಇದ್ದದ್ದೂ ಅದೇ ಪರದೆ.

ಕಾನೂನಿನ ಬಗ್ಗೆ ತುಂಬ ಜನ ತಪ್ಪು ತಿಳಿದಿದ್ದಾರೆ. 2013ರ ಜನವರಿಯಿಂದ ಅಮೆರಿಕದಲ್ಲಿ ಹೊಸ ಫೋನನ್ನು ಕಂಪನಿಯ ಒಪ್ಪಿಗೆ ಇಲ್ಲದೆ ಅನ್‌ಲಾಕ್ ಮಾಡುವುದು ಕಾನೂನುಬಾಹಿರವಾಗಿತ್ತು. ಒಂದು ಲಕ್ಷಕ್ಕೂ ಜಾಸ್ತಿ ಜನ ಶ್ವೇತಭವನಕ್ಕೆ ಅರ್ಜಿ ಹಾಕಿದರು. 2014ರ ಆಗಸ್ಟಿನಲ್ಲಿ ಒಬಾಮಾ ಹೊಸ ಕಾಯ್ದೆಗೆ ಸಹಿ ಹಾಕಿದರು. ಆದರೆ ಆ ಕಾಯ್ದೆ ಹೇಳುವುದು ‘ಗಿರಾಕಿ ಅನ್‌ಲಾಕ್ ಮಾಡಿಸಿದರೆ ತಪ್ಪಲ್ಲ’ ಅಂತ. ‘ಕಂಪನಿ ಅನ್‌ಲಾಕ್ ಮಾಡಿಕೊಡಲೇಬೇಕು’ ಅಂತಲ್ಲ. ಮಾಡಿಕೊಡುತ್ತೇವೆ ಅನ್ನುವುದು ದೊಡ್ಡ ಕಂಪನಿಗಳು ತಮ್ಮ ಸಂಘದ ಮೂಲಕ ತಾವೇ ಒಪ್ಪಿಕೊಂಡ ಮಾತು. ಅದರ ಪ್ರಕಾರ ಕಂತು ತೀರಿಸಿದವರಿಗೆ, ಹಳೇ ಗಿರಾಕಿಯಾದರೂ ಸರಿ, ದುಡ್ಡು ಕೇಳದೆ ಅನ್‌ಲಾಕ್ ಮಾಡಬೇಕು. ಅರ್ಜಿ ಹಾಕಿದ ಎರಡು ಕೆಲಸದ ದಿನಗಳಲ್ಲಿ ಮಾಡಿಕೊಡಬೇಕು, ಇಲ್ಲವೇ ಏನಾದರೊಂದು ಉತ್ತರ ಹೇಳಬೇಕು.

ಹಾಗಾಗಿ *#06# ಒತ್ತಿ, ಬರುವ ಐಎಂಇಐ ನಂಬರನ್ನು ಮಗಳಿಗೆ ಕಳಿಸಿ. ಅರ್ಜಿ ಅವಳೇ ಹಾಕಲಿ, ಖಾತೆ ಅವಳದು. ಒಪ್ಪಿಗೆ ಬಂದ ಮೇಲೆ ವೈಫೈ ಹಾಕಿ ನಿಮ್ಮ ಸಿಮ್ ತೂರಿಸಿದರೆ ಸಾಕಾಗಬಹುದು. ಹಾಗೇ ಆ ಫೋನಿನಿಂದ ತನ್ನ ಆಪಲ್ ಐಡಿ ತೆಗೆಯಲು ಹೇಳಿ. ಅದು ಬೇರೆಯೇ ಲಾಕ್, ಕಂಪನಿಗೂ ಅದಕ್ಕೂ ಸಂಬಂಧವಿಲ್ಲ. ಮುಂದೆ ಅವಳು ಅಲ್ಲಿನ ಐಫೋನ್ 14 ಕೊಟ್ಟರೆ ಸಿಮ್ ಹಾಕುವ ಜಾಗವನ್ನು ಹುಡುಕುತ್ತ ಕೂರಬೇಡಿ. ಅಮೆರಿಕದಲ್ಲಿ ಮಾರುವ ಆ ಮಾದರಿಗೆ ಬರೀ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್.

ಪ್ರಶ್ನೆ: ಮದುವೆಯಾಗಿ ನ್ಯೂಜೆರ್ಸಿಗೆ ಬಂದೆ. ಮನೆಯವರೆಲ್ಲರ ಫೋನ್ ಭಾವನವರ ಫ್ಯಾಮಿಲಿ ಪ್ಲಾನಿನಲ್ಲಿದೆ. ಮೊನ್ನೆ ಊಟಕ್ಕೆ ಕೂತಾಗ ‘ರಾತ್ರಿ ಹನ್ನೊಂದು ಗಂಟೆಗೆ ಯಾರಿಗಮ್ಮ ಅಷ್ಟು ಮೆಸೇಜು?’ ಅಂದರು. ನಗುತ್ತಲೇ ಅಂದರು, ನನಗೆ ಮಾತ್ರ ಊಟ ಸೇರಲಿಲ್ಲ. ಅವರು ನನ್ನ ಮೆಸೇಜ್ ಓದುತ್ತಾರಾ? ಕಂಪನಿಗೆ ಫೋನ್ ಮಾಡಿದರೆ ‘ನೀವು ಖಾತೆದಾರರಲ್ಲ’ ಅಂದರು.
– ಹೆಸರು ಬೇಡ, ಎಡಿಸನ್

ಉತ್ತರ: ತಂಗೀ, ಬಿಲ್ಲಿನಲ್ಲಿ ಮೆಸೇಜಿನ ಒಳಗಿನ ಮಾತು ಬರುವುದಿಲ್ಲ. ಯಾವ ನಂಬರಿಗೆ, ಯಾವ ದಿನ, ಎಷ್ಟು ಗಂಟೆಗೆ ಅನ್ನುವುದು ಬರುತ್ತದೆ. ಖಾತೆದಾರರು ಲಾಗಿನ್ ಆಗಿ ಎಲ್ಲ ಲೈನುಗಳದ್ದೂ ನೋಡಬಹುದು. ಇದು ಕಳ್ಳತನವಲ್ಲ, ಕಂಪನಿಯೇ ಕೊಟ್ಟಿರುವ ಸೌಲಭ್ಯ. ನೋಡಿದ್ದನ್ನು ಊಟದ ಹೊತ್ತಿನಲ್ಲಿ ಎತ್ತಿ ಆಡಬಹುದೇ ಅನ್ನುವುದು ಬೇರೆ ಮಾತು. ನನ್ನ ಕೇಳಿದರೆ ಅದು ಭಾವನವರ ಸಣ್ಣತನ.

ವಾಟ್ಸಾಪ್ ಮತ್ತು ಐಫೋನಿನ ನೀಲಿ ಮೆಸೇಜುಗಳು ಇಂಟರ್ನೆಟ್ಟಿನಲ್ಲಿ ಹೋಗುತ್ತವೆ. ಯಾರಿಗೆ ಕಳಿಸಿದಿರಿ ಅಂತ ಬಿಲ್ಲಿನಲ್ಲಿ ಬರುವುದಿಲ್ಲ, ಡೇಟಾ ಎಷ್ಟಾಯಿತು ಅಷ್ಟೇ. ಹಸಿರು ಬಣ್ಣದವು ಎಸ್ಸೆಮ್ಮೆಸ್ ಆಗಿ ಹೋದರೆ ಬಿಲ್ಲಿನಲ್ಲಿ ಬರುತ್ತವೆ. ಇನ್ನೊಂದನ್ನೂ ನೋಡಿಕೊಳ್ಳಿ. ಮನೆಯ ಹಳೇ ಐಪ್ಯಾಡ್‌ನಲ್ಲಿ ನಿಮ್ಮ ಆಪಲ್ ಐಡಿ ಇದೆಯಾ? ವಾಟ್ಸಾಪಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದೆಯಾ? ಮೆಸೇಜ್ ನಿಜಕ್ಕೂ ಓದಿಸಿಕೊಳ್ಳುವುದು ಹೆಚ್ಚಾಗಿ ಅಲ್ಲಿ.

ಬೇರೆ ಲೈನ್ ಮಾಡಿಕೊಳ್ಳುವುದಾದರೆ ಪ್ರಿಪೇಯ್ಡ್ ಸುಲಭ. ಡಿಪೆಂಡೆಂಟ್ ವೀಸಾದಲ್ಲಿದ್ದು, ಅಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಸಾಮಾನ್ಯವಾಗಿ ಸಿಗುತ್ತದೆ. ಈಗಿರುವ ನಂಬರೇ ಬೇಕೆಂದರೆ ಖಾತೆಯ ನಂಬರು ಮತ್ತು ಟ್ರಾನ್ಸ್‌ಫರ್ ಪಿನ್ ಬೇಕು. ಅದು ಭಾವನವರ ಕೈಯಲ್ಲಿದೆ. ನಿಮ್ಮ ಫೋನಿನ ಕಂತೂ ಅವರ ಖಾತೆಯಲ್ಲೇ ನಡೆಯುತ್ತಿದ್ದರೆ ಅದು ಲಾಕ್ ಆಗಿರುವ ಸಾಧ್ಯತೆ ಜಾಸ್ತಿ, ಹೊಸ ಸಿಮ್ ಹಾಕಿದರೆ ಶಿವಮೊಗ್ಗದವರ ಕಥೆಯೇ. ಎರಡಕ್ಕೂ ಅವರನ್ನು ಕೇಳಲು ಮನಸ್ಸಿಲ್ಲದಿದ್ದರೆ ಅನ್‌ಲಾಕ್ಡ್ ಅಂತಲೇ ಮಾರುವ ಸಾಧಾರಣ ಫೋನ್ ಕೊಂಡು ಹೊಸ ನಂಬರ್ ತೆಗೆದುಕೊಳ್ಳಿ. ವಾಟ್ಸಾಪಿನಲ್ಲಿ ‘ಚೇಂಜ್ ನಂಬರ್’ ಮಾಡಿದರೆ ಊರಿನವರ ಗುಂಪುಗಳೆಲ್ಲ ಹಾಗೇ ಉಳಿಯುತ್ತವೆ.

ಇದನ್ನು ನಿಮಗೇ ಅಂತ ಹೇಳುತ್ತಿಲ್ಲ, ಬೇಕಾದವರು ಯಾರಾದರೂ ಓದುತ್ತಿರಬಹುದು. ಮನೆಯಲ್ಲಿ ಹೊಡೆತ, ಬೆದರಿಕೆ, ಹಿಂಬಾಲಿಸುವುದು ಇದ್ದರೆ ಅಮೆರಿಕದಲ್ಲಿ 2022ರ ‘ಸೇಫ್ ಕನೆಕ್ಷನ್ಸ್’ ಕಾಯ್ದೆ ಇದೆ. ದೌರ್ಜನ್ಯಕ್ಕೆ ಒಳಗಾದವರು ದಾಖಲೆ ಕೊಟ್ಟು ಕೇಳಿದರೆ ಎರಡು ಕೆಲಸದ ದಿನಗಳಲ್ಲಿ ಅವರ ಲೈನನ್ನು ಕಂಪನಿ ಬೇರೆ ಮಾಡಿಕೊಡಬೇಕು. ದಂಡ ಹಾಕುವಂತಿಲ್ಲ, ಖಾತೆದಾರರ ಒಪ್ಪಿಗೆ ಕೇಳುವಂತಿಲ್ಲ. ನಂಬರ್ ನಿಮ್ಮದೇ ಉಳಿಯುತ್ತದೆ.

ಪ್ರಶ್ನೆ: ಮನೆಯವರ ಮಾತು ಬಿಡಿ, ಕಂಪನಿಯವರೇ ನಮ್ಮ ಎಸ್ಸೆಮ್ಮೆಸ್ ಓದಬಹುದಲ್ವಾ?
– ಓದುಗರು, ಮೈಸೂರು

ಉತ್ತರ: ಎಸ್ಸೆಮ್ಮೆಸ್ ಕಂಪನಿಯ ಯಂತ್ರದ ಮೂಲಕವೇ ಹೋಗುತ್ತದೆ. ವಾಟ್ಸಾಪಿನ ಹಾಗೆ ಈ ತುದಿಯಿಂದ ಆ ತುದಿಯವರೆಗೆ ಬೀಗ ಹಾಕಿಕೊಂಡು ಹೋಗುವುದಿಲ್ಲ. ಹಾಗಂತ ಕಾಲ್ ಸೆಂಟರಿನ ಹುಡುಗಿಗೆ ನಿಮ್ಮ ಮೆಸೇಜ್ ಕಾಣುತ್ತದೆ ಅಂದುಕೊಳ್ಳಬೇಡಿ. ನಮಗೆ ಕಾಣುತ್ತಿರಲಿಲ್ಲ. ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಮಾಡಿಕೊಂಡಿದ್ದ ಒಂದು ಪಟ್ಟಿ ಆಮೇಲೆ ಹೊರಬಂತು. ಅದರ ಪ್ರಕಾರ ವೆರೈಝನ್ ಮೆಸೇಜಿನ ಮಾತನ್ನು 3ರಿಂದ 5 ದಿನ ಇಟ್ಟುಕೊಳ್ಳುತ್ತಿತ್ತು, ಎಟಿ ಅಂಡ್ ಟಿ ಮತ್ತು ಟಿ-ಮೊಬೈಲ್ ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ಯಾರು ಯಾರಿಗೆ ಕಳಿಸಿದರು ಅನ್ನುವ ಲೆಕ್ಕ ವರ್ಷಗಟ್ಟಲೆ ಇರುತ್ತಿತ್ತು. ನಮ್ಮ ದೇಶದಲ್ಲೂ ಅಂಥ ಲೆಕ್ಕವನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಡಬೇಕು ಅಂತ 2021ರ ಡಿಸೆಂಬರಿನಿಂದ ನಿಯಮವಿದೆ.

ಲೆಕ್ಕ ತಾನೇ ಅಂತ ಹಗುರ ಮಾಡಬೇಡಿ. 2022ರ ಮೇಯಿಂದ ಅಕ್ಟೋಬರ್‌ವರೆಗಿನ ಇಂಥ ದಾಖಲೆ, ಹೆಚ್ಚುಕಡಿಮೆ ತನ್ನೆಲ್ಲ ಮೊಬೈಲ್ ಗ್ರಾಹಕರದ್ದೂ, ಕಳುವಾಗಿದೆ ಅಂತ ಎಟಿ ಅಂಡ್ ಟಿ 2024ರ ಜುಲೈನಲ್ಲಿ ಒಪ್ಪಿಕೊಂಡಿತು. ಮೆಸೇಜಿನ ಮಾತು ಅದರಲ್ಲಿರಲಿಲ್ಲ. ಎಡಿಸನ್ನಿನ ತಂಗಿಯ ಊಟ ಕೆಡಿಸಲೂ ಮೆಸೇಜಿನ ಮಾತು ಬೇಕಾಗಲಿಲ್ಲ, ನೋಡಿದಿರಲ್ಲ.

ಪ್ರಶ್ನೆ: ಕಂತೆಲ್ಲ ತೀರಿಸಿದ್ದೇನೆ, ಆದರೂ ಫೋನ್ ಅನ್‌ಲಾಕ್ ಆಗಿಲ್ಲ. ಕಂಪನಿಗೆ ಕರೆ ಮಾಡಿದರೆ ಪ್ರತಿ ಸಲ ಹೊಸಬರು ಫೋನ್ ಎತ್ತುತ್ತಾರೆ, ಮೊದಲಿಂದ ಪುರಾಣ ಹೇಳಬೇಕು. ಏನು ಮಾಡಲಿ?
– ಓದುಗರು, ಡಲ್ಲಾಸ್

ಉತ್ತರ: ಕೂಗಾಡಿ ಸುಮ್ನೆ ಗಂಟಲು ನೋಯಿಸಿಕೊಳ್ಳಬೇಡಿ. ಫೋನ್ ಇಡುವ ಮುಂಚೆ ‘ನಾನು ಹೇಳಿದ್ದನ್ನು ಖಾತೆಯ ನೋಟ್ಸ್‌ನಲ್ಲಿ ಬರೆದಿದ್ದೀರಾ? ಟಿಕೆಟ್ ನಂಬರ್ ಏನು?’ ಅಂತ ಕೇಳಿ. ನಮ್ಮಲ್ಲಿ ಮುಂದಿನವರು ಓದುತ್ತಿದ್ದದ್ದು ಆ ನೋಟ್ಸ್ ಮಾತ್ರ. ಅದರಿಂದಲೂ ಆಗದಿದ್ದರೆ ಎಫ್‌ಸಿಸಿಗೆ, ಅಂದರೆ ಅಮೆರಿಕದ ದೂರಸಂಪರ್ಕ ನಿಯಂತ್ರಣ ಆಯೋಗಕ್ಕೆ, ಆನ್‌ಲೈನ್ ದೂರು ಕೊಡಿ, ದುಡ್ಡು ಬೇಡ, ವಕೀಲರು ಬೇಡ. ಕಂಪನಿ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಐಎಂಇಐ, ಕೊನೆಯ ಕಂತಿನ ರಸೀದಿ ಮತ್ತು ಆ ಟಿಕೆಟ್ ನಂಬರ್, ಮೂರನ್ನೂ ದೂರಿನಲ್ಲಿ ಸೇರಿಸಿ.