ಕೆಂಪುಹೊಳೆ ಹಾಸನದ್ದೋ, ಕರಾವಳಿಯದ್ದೋ?

ಪ್ರಶ್ನೆ: ನಮ್ಮದು ಸಕಲೇಶಪುರ. ಊರಿನಲ್ಲಿ ಹರಿಯುವ ಹೇಮಾವತಿ ಕಾವೇರಿಗೆ ಸೇರುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಸಿಗುವ ಕೆಂಪುಹೊಳೆ ಮಾತ್ರ ಮಂಗಳೂರಿನ ಕಡೆ ಹೋಗುತ್ತದೆ. ಇಷ್ಟು ಹತ್ತಿರ ಇದ್ದೂ ಹೀಗೇಕೆ? ಈ ಹೊಳೆ ಯಾರದ್ದು?

ಉತ್ತರ: ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ. ಒಂದು ಇಳಿಜಾರಿನ ನೀರು ಅಂಗಳಕ್ಕೆ, ಇನ್ನೊಂದರದ್ದು ಹಿತ್ತಿಲಿಗೆ ಬೀಳುತ್ತದೆ ಅಲ್ವಾ? ನಿಮ್ಮ ಘಟ್ಟದ ನೆತ್ತಿಯೂ ಹಾಗೆಯೇ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ, ಘಟ್ಟದ ಅಂಚಿಗೆ ಹತ್ತಿರವೇ ಹುಟ್ಟುತ್ತದೆ. ಆದರೆ ನೆಲ ವಾಲಿರುವುದು ಮೂಡಣಕ್ಕೆ. ಗೊರೂರು ದಾಟಿ ಕಾವೇರಿಗೆ ಸೇರಿ, ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ.

ಮಾರನಹಳ್ಳಿಯಿಂದ ಮುಂದೆ ರಸ್ತೆಯ ಜೊತೆ ನೀರೂ ಪಡುವಣಕ್ಕೆ ಇಳಿಯುತ್ತದೆ. ಕೆಂಪುಹೊಳೆ ಗುಂಡ್ಯದಲ್ಲಿ ಅಡ್ಡಹೊಳೆಯನ್ನು ಕೂಡುತ್ತದೆ. ಅಲ್ಲಿಂದ ಕುಮಾರಧಾರೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರ. ಹುಟ್ಟು ಹಾಸನದ್ದು, ಕಡಲು ಕರಾವಳಿಯದ್ದು. ಜಿಲ್ಲೆಯ ಗಡಿ ಹಾಕಿದವರು ನೀರನ್ನು ಕೇಳಿ ಹಾಕಿಲ್ಲ.

ಗಡಿ ಎಂದರೆ ಸುಮ್ನೆ ನಕಾಶೆಯ ಗೆರೆಯೂ ಆಗಿರಲಿಲ್ಲ. ನಿಮ್ಮೂರಿನ ಮಂಜರಾಬಾದ್ ಕೋಟೆಯನ್ನು ಟಿಪ್ಪು 1792ರಲ್ಲಿ ಕಟ್ಟಿಸಿದ್ದು ಈ ದಾರಿಯನ್ನು ಕಾಯಲು. ಎಂಟು ಮೂಲೆಯ ನಕ್ಷತ್ರದ ಆಕಾರ ನೋಡಲು ಹೋಗುವವರೇ ಜಾಸ್ತಿ, ಅದು ಯಾವ ಕಡೆ ಕಣ್ಣಿಟ್ಟಿದೆ ಎಂದು ನೋಡುವವರು ಕಡಿಮೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕರಾವಳಿ ಕಂಪನಿಯ ಕೈಗೆ ಹೋಯಿತು. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೂ ಮದ್ರಾಸಿಗೇ ಸೇರಿತ್ತು. ನಿಮ್ಮ ಅಜ್ಜ ಘಟ್ಟ ಇಳಿದಿದ್ದರೆ ರಾಜ್ಯವೇ ಬದಲಾಗುತ್ತಿತ್ತು.

ಯಾರದ್ದು ಎಂದು ಕೇಳಿದಿರಿ. ಒಂದು ಕಪ್ಪೆಯ ಹಕ್ಕೂ ಇದೆ! ಕೆಂಪುಹೊಳೆ ಕಾಡಿನಲ್ಲಿ ಸಿಕ್ಕ ಅದನ್ನು ಹೊಸ ಜಾತಿ ಎಂದು ವಿಜ್ಞಾನಿಗಳು 1986ರಲ್ಲಿ ದಾಖಲಿಸಿದರು. ಅದರ ಹೆಸರಿನಲ್ಲೇ ಗುಂಡ್ಯ ಇದೆ. ಈ ಗುಂಪಿನ ಕಪ್ಪೆಗಳ ಮರಿಗಳು ಕೆರೆಯಲ್ಲಿ ಈಜುವುದಿಲ್ಲ, ನೀರು ಜಿನುಗುವ ಬಂಡೆಗೆ ಅಂಟಿಕೊಂಡು ಬೆಳೆಯುತ್ತವೆ. ಬಂಡೆ ಒಣಗಿದರೆ ಅವುಗಳ ಕಥೆ ಮುಗಿಯಿತು. ಇಲ್ಲಿ ರಸ್ತೆ, ಸುರಂಗ, ಕಾಲುವೆ ಎಂದು ಗುಡ್ಡ ಕಡಿಯುವಾಗ ನನಗೆ ಮೊದಲು ನೆನಪಾಗುವುದು ಅವೇ.

ಎತ್ತಿನಹೊಳೆಯ ವಿಷಯ ಇನ್ನೂ ಗೋಜಲು. ಅದೂ ಪಡುವಣಕ್ಕೆ ಹೋಗುವ ಹಳ್ಳವೇ. ಅದರ ಮತ್ತು ಅಕ್ಕಪಕ್ಕದ ಹಳ್ಳಗಳ ಸುಮಾರು 24 ಟಿಎಂಸಿ ಮಳೆಗಾಲದ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹರಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಹಾಗಾಗಿ ಆ ಹಳ್ಳದ ನೀರು ಯಾವ ಕಡೆಗೆ ಎಂದು ಕೇಳಿದರೆ, ಪಂಪು ಓಡುತ್ತಿದೆಯಾ ಎಂದು ನೋಡಿಯೇ ಹೇಳಬೇಕು.